ಹೈಸ್ಕೂಲು ಮೈದಾನ: ಜೆಸಿಬಿಗೂ ಮುಂಚೆ ನೀರಿನ ದಾರಿ

ಹೈಸ್ಕೂಲಿಗೆ ಪಕ್ಕದ ಎರಡು ಎಕರೆ ಸಿಕ್ಕಿತೆಂದರೆ ಮೊದಲು ಬರುವುದು ಜೆಸಿಬಿ. ಬರಬೇಕಾದವರು ತಾಲ್ಲೂಕು ಸರ್ವೇಯರ್. ಹದ್ದುಬಸ್ತು (ಅಳೆದು ಗಡಿ ಗುರುತಿಸುವುದು) ಮಾಡಿಸಿ ಕಲ್ಲು ನೆಡಿಸಿದ ಮೇಲೆ ಒಂದು ಮಳೆಯಲ್ಲಿ ಜಾಗದಲ್ಲಿ ನಿಂತು ನೋಡಿ: ನೀರು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ? ನಕ್ಷೆ ಬರೆಯುವುದು ಆಮೇಲೆ.

ಎಂಟು ಲೇನಿನ 400 ಮೀಟರ್ ಟ್ರ್ಯಾಕ್‌ಗೆ ಸುಮಾರು 177 × 93 ಮೀ. ಬೇಕು, ಅಂದರೆ ನಾಲ್ಕು ಎಕರೆಗೂ ಮಿಕ್ಕಿ. ಆಸೆ ಬಿಡಿ. ಆರು ಲೇನಿನ 200 ಮೀಟರ್ ಟ್ರ್ಯಾಕ್ 92.5 × 52.5 ಮೀಟರಿನಲ್ಲಿ ಮುಗಿಯುತ್ತದೆ, ಅದರ ಒಳಗೇ ಖೊ-ಖೊ (27 × 16), ವಾಲಿಬಾಲ್ (18 × 9, ಸುತ್ತ 3 ಮೀ. ಖಾಲಿ) ಅಂಕಣಗಳೂ ತಿರುವಿನ ಒಳಗೆ ಒಂದು ಕಬಡ್ಡಿ ಅಂಕಣವೂ (13 × 10) ಹಿಡಿಯುತ್ತವೆ. ನೇರ ಭಾಗ ತಲಾ 40 ಮೀ., ಒಳಗೆರೆಯ ತ್ರಿಜ್ಯ 18.90 ಮೀ. ಸುತ್ತಳತೆ ತೆಗೆಯುವುದು ಗೆರೆಯಿಂದ 20 ಸೆಂ.ಮೀ. ಹೊರಗೆ, ಅಂದರೆ 19.10 ಮೀ. ತ್ರಿಜ್ಯದಲ್ಲಿ. ಇದನ್ನು ಮರೆತು ಸುಣ್ಣದ ಗೆರೆಯನ್ನೇ 19.10ಕ್ಕೆ ಎಳೆದರೆ ಪ್ರತಿ ಸುತ್ತು ಒಂದೂಕಾಲು ಮೀಟರ್ ಉದ್ದವಾಗುತ್ತದೆ. 100 ಮೀಟರ್ ಓಟಕ್ಕೆ ಒಂದು ಬದಿಯನ್ನು 120 ಮೀಟರಿಗೆ ಚಾಚಬೇಕು. ಉದ್ದ ಉತ್ತರ-ದಕ್ಷಿಣಕ್ಕಿರಲಿ, ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ.

ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ 5,000 ಚದರ ಮೀಟರಿನ ಮೇಲೆ ಎರಡೂವರೆ ಲಕ್ಷ ಲೀಟರ್ ನೀರು. ಮೈದಾನವನ್ನು ಅಡ್ಡಕ್ಕೆ ನೂರಕ್ಕೊಂದು ಇಳಿಜಾರಿನಲ್ಲಿ ಕೊಟ್ಟರೆ 52 ಮೀಟರಿಗೆ ಅರ್ಧ ಮೀಟರ್ ಇಳಿಯುತ್ತದೆ, ಕಣ್ಣಿಗೆ ಕಾಣದು. ಚರಂಡಿ ಇಳಿಮುಖದ ಅಂಚಿನಲ್ಲಿರಲಿ, ಪಾರ್ಕಿಂಗ್ ಚರಂಡಿಯ ಆಚೆಗೆ. ಗೇಟಿಗೆ ಹತ್ತಿರವೆಂದು ಪಾರ್ಕಿಂಗನ್ನು ಮೇಲ್ಗಡೆ ಮಾಡಿದರೆ ಅಲ್ಲಿಯ ನೀರೂ ಎಣ್ಣೆಯೂ ಟ್ರ್ಯಾಕ್ ಕೊರೆಯುತ್ತ ಇಳಿಯುತ್ತವೆ.

ಎರೆಮಣ್ಣಿನ ಜಾಗವಾದರೆ ಮೇಲಿನ 30–45 ಸೆಂ.ಮೀ. ತೆಗೆಯದೆ ಗತಿಯಿಲ್ಲ, ಅದು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ತುಂಬುವ ಗರಸು 20 ಸೆಂ.ಮೀ. ಹರಡಿ, ನೀರು ಹಾಕಿ, 8–10 ಟನ್ ರೋಲರ್ ಓಡಿಸಿದರೆ 15ಕ್ಕೆ ಕೂರುತ್ತದೆ. ಒಂದೇ ಸಲ ಎರಡು ಅಡಿ ಸುರಿದರೆ ರೋಲರಿನ ಭಾರ ಬುಡಕ್ಕೆ ಮುಟ್ಟುವುದಿಲ್ಲ. ಹದ ತಿಳಿಯಲು ಮುಷ್ಟಿಯಲ್ಲಿ ಉಂಡೆ ಹಿಡಿಯಿರಿ: ನಿಲ್ಲಬೇಕು, ಕೆಳಗೆ ಬಿಟ್ಟರೆ ಒಡೆಯಬೇಕು. 5,000 ಚದರ ಮೀಟರಿಗೆ ಒಂದು ಪದರಕ್ಕೇ ಸುಮಾರು 350 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಸಡಿಲ ಗರಸು ಬೇಕು. ಬಿಲ್ಲು ಟಿಪ್ಪರ್ ಲೆಕ್ಕದಲ್ಲಿ ಬರುತ್ತದೆ, ನಿಮಗೆ ಉಳಿಯುವುದು ಕೂತ ಲೆಕ್ಕ. ಕರಾರಿನಲ್ಲಿ ಯಾವುದೆಂದು ಬರೆಸಿ.

ಪಾರ್ಕಿಂಗ್ ಸರಳ. ಬೈಕಿಗೆ 1 × 2 ಮೀ., ಕಾರಿಗೆ 2.5 × 5, ನಡುವೆ 6 ಮೀ. ದಾರಿ. ಮಕ್ಕಳಿಗೆ ಬೇಕಿರುವುದು ಸೈಕಲ್ ಸ್ಟ್ಯಾಂಡ್, ಅದನ್ನೇ ಎಲ್ಲರೂ ಮರೆಯುವುದು. ಕಾರಿನ ಜಾಗಕ್ಕೆ 80 ಮಿ.ಮೀ. ದಪ್ಪದ ಪೇವರ್ (ನೆಲಕ್ಕೆ ಹಾಸುವ ಕಾಂಕ್ರೀಟ್ ಇಟ್ಟಿಗೆ), ಸೈಕಲ್ಲಿಗೆ 60 ಸಾಕು. ಅಂಚಿಗೆ ಕಾಂಕ್ರೀಟ್ ಕಟ್ಟೆ ಇಲ್ಲದಿದ್ದರೆ ಪೇವರ್ ಒಂದೊಂದಾಗಿ ಹೊರಕ್ಕೆ ಸರಿದು ಸಂದು ಬಾಯಿ ಬಿಡುತ್ತದೆ.

ಕೆಲಸ ಜನವರಿಗೆ ಶುರುವಾಗಲಿ. ಗರಸಿನಲ್ಲಿ ಒಂದಷ್ಟನ್ನು ಮೂಲೆಯಲ್ಲಿ ರಾಶಿ ಹಾಕಿ ಉಳಿಸಿಕೊಳ್ಳಿ. ಮೊದಲ ಮಳೆಗಾಲದಲ್ಲಿ ನೀರು ನಿಂತಲ್ಲೆಲ್ಲ ಗೂಟ ಹೊಡೆದಿಟ್ಟು, ಒಣಗಿದ ಮೇಲೆ ಅಲ್ಲಿ ಕೆದಕಿ ತುಂಬಿ, ಮತ್ತೊಮ್ಮೆ ರೋಲರ್ ಓಡಿಸಬೇಕು.