ಮೂರು ಗೆರೆ, ಒಂದು ಪ್ರಶ್ನೆ

ಪೋಲೆಂಡಿನ ಒಂದು ಯಹೂದಿ ಮನೆ. ಪಾಸೋವರ್ ಹಬ್ಬದ ರಾತ್ರಿ ಅಜ್ಜಿ ಒಂದು ಲೋಟ ವೈನ್ ಜಾಸ್ತಿ ತುಂಬಿಸಿಟ್ಟರು. ಅದು ಪ್ರವಾದಿ ಎಲೈಜಾನ ಪಾಲು, ನೋಡ್ತಾ ಇರು, ಸ್ವಲ್ಪ ಇಳಿಯುತ್ತೆ ಎಂದು ಮನೆಯವರು ಹೇಳಿದರು. ಹುಡುಗ ನೋಡಿದ. ಇಳಿದ ಹಾಗೇ ಕಂಡಿತು!

ಆ ಹುಡುಗ ಸಾಲೊಮನ್ ಆ್ಯಷ್. ಮುಂದೆ ಅಮೆರಿಕದಲ್ಲಿ ಮನೋವಿಜ್ಞಾನಿಯಾದರು. 1950ರ ದಶಕದಲ್ಲಿ ಅವರು ನಡೆಸಿದ ಪ್ರಯೋಗ ತುಂಬಾ ಸರಳ. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಆ ಮೂರರಲ್ಲಿ ಯಾವುದು ಮೊದಲನೆಯದರಷ್ಟು ಉದ್ದ? ಒಬ್ಬೊಬ್ಬರಾಗಿ ಜೋರಾಗಿ ಹೇಳಬೇಕು. ಕೂತಿದ್ದ ಏಳೆಂಟು ಯುವಕರಲ್ಲಿ ವಿಷಯ ಗೊತ್ತಿಲ್ಲದವನು ಒಬ್ಬನೇ. ಉಳಿದವರಿಗೆಲ್ಲ ಮೊದಲೇ ಹೇಳಿಕೊಟ್ಟಿತ್ತು. ಎರಡು ಸಲ ಎಲ್ಲರೂ ಸರಿ ಹೇಳಿದರು. ಆಮೇಲೆ ಒಬ್ಬರ ಹಿಂದೆ ಒಬ್ಬರು ಒಂದೇ ತಪ್ಪು ಉತ್ತರ ಹೇಳತೊಡಗಿದರು. ಈಗ ಇವನ ಸರದಿ.

ಒಬ್ಬರೇ ಕೂತಾಗ ಈ ಪ್ರಶ್ನೆಗೆ ನೂರಕ್ಕೆ ಒಂದು ತಪ್ಪೂ ಬರುವುದಿಲ್ಲ. ಗುಂಪು ತಪ್ಪು ಹೇಳಿದ ಸುತ್ತುಗಳಲ್ಲಿ ನೂರಕ್ಕೆ ಸುಮಾರು 37 ಉತ್ತರಗಳು ಗುಂಪಿನ ಕಡೆಗೇ ವಾಲಿದವು. ಕೇಳಿದಾಗ ಕೆಲವರು ತಮ್ಮ ಕಣ್ಣಿನ ಮೇಲೇ ಅನುಮಾನ ಬಂತು ಎಂದರು. ಕೆಲವರಿಗೆ ಉತ್ತರ ಗೊತ್ತಿತ್ತು, ಬೇರೆಯಾಗಿ ಕಾಣುವುದು ಬೇಡವಾಗಿತ್ತು. ಜೋರಾಗಿ ಹೇಳುವ ಬದಲು ಚೀಟಿಯಲ್ಲಿ ಬರೆಯಲು ಬಿಟ್ಟಾಗ ಇಂಥ ತಪ್ಪು ಬಹಳ ಕಡಿಮೆಯಾಯಿತು. ಮೀಟಿಂಗ್‌ನಲ್ಲಿ 'ಎಲ್ಲರಿಗೂ ಒಪ್ಪಿಗೆ ತಾನೇ?' ಎಂದಾಗ ಸುಮ್ನೆ ತಲೆಯಾಡಿಸಿದವರಿಗೆ ಇದು ಚೆನ್ನಾಗಿ ಗೊತ್ತು, ಅಲ್ವಾ?

ಈ ಪ್ರಯೋಗದ ಬಗ್ಗೆ ಮಾತು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಮನುಷ್ಯ ಕುರಿಮಂದೆ ಎಂದುಬಿಡುತ್ತಾರೆ. ನನಗೆ ಅದು ಅನ್ಯಾಯ ಅನಿಸುತ್ತದೆ. ನೂರಕ್ಕೆ 63 ಉತ್ತರ ಸರಿಯೇ ಇದ್ದವು. ಕಾಲು ಭಾಗದಷ್ಟು ಜನ ಒಮ್ಮೆಯೂ ಬಗ್ಗಲಿಲ್ಲ.

ಗುಂಪು ಎಷ್ಟು ದೊಡ್ಡದಿರಬೇಕು ಎಂದೂ ಆ್ಯಷ್ ನೋಡಿದರು. ಎದುರಿಗೆ ಒಬ್ಬನೇ ಇದ್ದರೆ ಯಾರೂ ಅಷ್ಟಾಗಿ ಅಲುಗಾಡಲಿಲ್ಲ. ಮೂವರಾದರೆ ಒತ್ತಡ ಹೆಚ್ಚುಕಡಿಮೆ ಪೂರ್ತಿ. ಹದಿನೈದು ಜನರನ್ನು ಕೂರಿಸಿದರೂ ಅದಕ್ಕಿಂತ ಏರಲಿಲ್ಲ. ಆದರೆ ಗುಂಪಿನಲ್ಲಿ ಒಬ್ಬನಿಗೆ ಮಾತ್ರ ಸರಿ ಉತ್ತರ ಹೇಳಲು ತಿಳಿಸಿದಾಗ ತಪ್ಪುಗಳು ಕಾಲು ಭಾಗಕ್ಕೆ ಇಳಿದವು. ಅವನು ಬೇರೆಯೇ ಒಂದು ತಪ್ಪು ಹೇಳಿದಾಗಲೂ ಗುಂಪಿನ ಹಿಡಿತ ಸಡಿಲವಾಯಿತು. ಒಗ್ಗಟ್ಟು ಒಡೆದದ್ದೇ ಸಾಕಾಯಿತು.

ಇನ್ನೊಂದು ಪ್ರಯೋಗದಲ್ಲಿ ಸರಿ ಉತ್ತರ ಹೇಳುತ್ತಿದ್ದ ಜೊತೆಗಾರ ನಡುವೆ ಪಕ್ಷ ಬದಲಿಸಿ ಗುಂಪಿಗೆ ಸೇರಿದ. ತಪ್ಪುಗಳು ತಕ್ಷಣ ಮೇಲೇರಿದವು. ಮತ್ತೊಂದರಲ್ಲಿ ಅವನು ಕೆಲಸವಿದೆ ಎಂದು ಎದ್ದು ಹೋದ. ಆಗಲೂ ತಪ್ಪುಗಳು ಹೆಚ್ಚಿದವು, ಆದರೆ ಅಷ್ಟಲ್ಲ. ಅವನ ಕುರ್ಚಿ ಖಾಲಿಯಾದ ಮೇಲೂ ವಿಷಯ ಗೊತ್ತಿಲ್ಲದವನು ಹೆಚ್ಚಾಗಿ ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿದ್ದ.