ಫುಕುಶಿಮಾದ ಸೀಸಿಯಂ ಕೆನಡಾ ತೀರ ಮುಟ್ಟಿದಾಗ: ಬೆಕರೆಲ್–ಸೀವರ್ಟ್ ಲೆಕ್ಕದ ಟಿಪ್ಪಣಿ

ವಿಕಿರಣದ ಪಾಠ ಓದುತ್ತಿರುವವರಿಗೆ ಈ ಟಿಪ್ಪಣಿ. ಐಸೊಟೋಪ್ ಎಂದರೇನು, ಆಲ್ಫಾ, ಬೀಟಾ, ಗಾಮಾ ಎಂದರೇನು ಎಂಬುದೆಲ್ಲ ಪಠ್ಯದಲ್ಲೇ ಚೆನ್ನಾಗಿದೆ, ಇಲ್ಲಿ ಬರೆಯುತ್ತಿಲ್ಲ. ನನಗೆ ಜಾಸ್ತಿ ಹೊತ್ತು ಹಿಡಿದದ್ದು ಒಂದೇ ಪ್ರಶ್ನೆ. "ವಿಕಿರಣ ಪತ್ತೆಯಾಗಿದೆ" ಎಂಬ ಸುದ್ದಿ ಬಂದರೆ ಅದು ಹೆದರಬೇಕಾದ ಸುದ್ದಿಯೋ ಅಲ್ಲವೋ ಎಂದು ಲೆಕ್ಕ ಹಾಕುವುದು ಹೇಗೆ?

2011ರ ಮಾರ್ಚ್ 11ರಂದು ಸುನಾಮಿ ಬಡಿದು ಜಪಾನಿನ ಫುಕುಶಿಮಾ ದಾಯಿಚಿ ಅಣುವಿದ್ಯುತ್ ಸ್ಥಾವರದಲ್ಲಿ ತಂಪು ಮಾಡುವ ವ್ಯವಸ್ಥೆ ನಿಂತುಹೋಯಿತು. ಮೂರು ರಿಯಾಕ್ಟರ್‌ಗಳ ಇಂಧನ ಕರಗಿತು. ಅಯೋಡಿನ್-131, ಸೀಸಿಯಂ-134, ಸೀಸಿಯಂ-137 ಎಂಬ ವಿಕಿರಣ ಸೂಸುವ ವಸ್ತುಗಳು ಗಾಳಿಗೂ ಸಮುದ್ರಕ್ಕೂ ಸೇರಿದವು. ಅಮೆರಿಕ, ಕೆನಡಾದ ಪಶ್ಚಿಮ ತೀರದ ಜನ ಗಾಬರಿಯಾದರು. ಆಗ ಎಲ್ಲೆಡೆ ಹರಿದಾಡಿದ ಒಂದು ಚಿತ್ರದಲ್ಲಿ ಜಪಾನ್ ಬಳಿ ಕಡುಬಣ್ಣ, ಅಲ್ಲಿಂದ ಇಡೀ ಪೆಸಿಫಿಕ್ ಮೇಲೆ ಕೆಂಪು, ಹಳದಿ ನಾಲಿಗೆಗಳು ಚಾಚಿದ್ದವು. ವಿಕಿರಣ ಹರಡಿದ ನಕ್ಷೆ ಎಂದೇ ಜನ ಅದನ್ನು ಹಂಚಿಕೊಂಡರು. ಅದು ಅಮೆರಿಕದ ಸಾಗರ ಸಂಸ್ಥೆ ನೋವಾ ಮಾಡಿದ ಸುನಾಮಿ ಅಲೆಯ ಎತ್ತರದ ನಕ್ಷೆ. ಪಕ್ಕದ ಅಳತೆಪಟ್ಟಿಯಲ್ಲಿ ಸೆಂಟಿಮೀಟರ್ ಎಂದಿದೆ. ಯಾವ ನಕ್ಷೆ ಕಂಡರೂ ಮೊದಲು ಆ ಪಟ್ಟಿಯ ಏಕಮಾನ ನೋಡಿ.

ಬೆಕರೆಲ್ ಹೇಳುವುದು ಎಷ್ಟು, ಹೇಳದಿರುವುದು ಎಷ್ಟು

ಒಂದು ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಅದು ಒಂದು ಬೆಕರೆಲ್. ಅಷ್ಟೇ. ಒಡೆದಾಗ ಎಷ್ಟು ಶಕ್ತಿ ಬಂತು, ಅದು ಮೈಯ ಯಾವ ಭಾಗಕ್ಕೆ ತಾಗಿತು, ಆ ಧಾತು ಮೈಯಲ್ಲಿ ಎಷ್ಟು ದಿನ ಉಳಿಯುತ್ತದೆ, ಇದ್ಯಾವುದೂ ಬೆಕರೆಲ್‌ನಲ್ಲಿ ಇಲ್ಲ. ಇದನ್ನೆಲ್ಲ ಸೇರಿಸಿ ಮೈಗೆ ಆಗುವ ಹಾನಿಯ ಅಳತೆ ಸೀವರ್ಟ್. ಒಂದರಿಂದ ಇನ್ನೊಂದಕ್ಕೆ ಹೋಗಲು ಪ್ರತಿ ಐಸೊಟೋಪ್‌ಗೂ ಬೇರೆ ಬೇರೆ ಗುಣಕ ಇದೆ. ದೊಡ್ಡವರು ಒಂದು ಬೆಕರೆಲ್ ನುಂಗಿದರೆ ಆಗುವ ಡೋಸ್, ಮೈಕ್ರೋಸೀವರ್ಟ್‌ನಲ್ಲಿ (ಸೀವರ್ಟ್‌ನ ಹತ್ತು ಲಕ್ಷದಲ್ಲೊಂದು ಪಾಲು), ಹೀಗಿದೆ: ಪೊಟ್ಯಾಸಿಯಂ-40ಕ್ಕೆ 0.0062, ಸೀಸಿಯಂ-137ಕ್ಕೆ 0.013, ಸೀಸಿಯಂ-134ಕ್ಕೆ 0.019, ಅಯೋಡಿನ್-131ಕ್ಕೆ 0.022, ಪೊಲೋನಿಯಂ-210ಕ್ಕೆ 1.2. ಒಳಗೆ ಹೋದದ್ದು ಮುಂದಿನ ವರ್ಷಗಳಲ್ಲಿ ಕೊಡುವ ಡೋಸ್ ಕೂಡ ಇದರಲ್ಲಿ ಸೇರಿದೆ.

ಹಿಂದಿನ ಪಟ್ಟಿಯ ಕೊನೆಯ ಅಂಕಿ ಇನ್ನೊಮ್ಮೆ ನೋಡಿ. ಒಂದು ಬೆಕರೆಲ್ ಪೊಲೋನಿಯಂ ಎಂದರೆ ಸುಮಾರು 190 ಬೆಕರೆಲ್ ಪೊಟ್ಯಾಸಿಯಂ. ಇದು ತಲೆಗೆ ಹೋಗಬೇಕಾದರೆ ಟ್ಯೂನಾ ಮೀನಿನ ಲೆಕ್ಕ ಮಾಡಲೇಬೇಕು.

2011ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ ಬಳಿ ಹಿಡಿದ ಬ್ಲೂಫಿನ್ ಟ್ಯೂನಾದಲ್ಲಿ ಫುಕುಶಿಮಾದ ಸೀಸಿಯಂ ಸಿಕ್ಕಿತು. ಈ ಮೀನುಗಳು ಜಪಾನ್ ಕಡೆಯಿಂದ ಸಾಗರ ದಾಟಿ ಬರುತ್ತವೆ. ಒಣಗಿಸಿದ ಮಾಂಸದ ಕೆಜಿಗೆ ಸೀಸಿಯಂ-134 ಸರಾಸರಿ 4 ಬೆಕರೆಲ್, ಸೀಸಿಯಂ-137 6.3 ಬೆಕರೆಲ್. ಅದೇ ಮಾಂಸದಲ್ಲಿ ಮೊದಲಿನಿಂದಲೂ ಇರುವ ಪೊಟ್ಯಾಸಿಯಂ-40 347 ಬೆಕರೆಲ್, ಪೊಲೋನಿಯಂ-210 79 ಬೆಕರೆಲ್. ಈಗ ಗುಣಿಸಿ. ಎರಡೂ ಸೀಸಿಯಂ ಸೇರಿ 0.16 ಮೈಕ್ರೋಸೀವರ್ಟ್. ಪೊಟ್ಯಾಸಿಯಂ 2.2. ಪೊಲೋನಿಯಂ 95! ಬೆಕರೆಲ್‌ನಲ್ಲಿ ಪೊಲೋನಿಯಂ ಪೊಟ್ಯಾಸಿಯಂನ ಕಾಲು ಭಾಗದಷ್ಟೂ ಇಲ್ಲ, ಡೋಸ್‌ನಲ್ಲಿ ಅದರ ನಲವತ್ತು ಪಟ್ಟು ಜಾಸ್ತಿ. ಜಪಾನಿನಿಂದ ಬಂದ ಸೀಸಿಯಂಗಿಂತಲಂತೂ ಸುಮಾರು 600 ಪಟ್ಟು. ಆ ಪೊಲೋನಿಯಂ ಸಮುದ್ರದ ಸಹಜ ವಸ್ತು, ನಮ್ಮ ಅಜ್ಜಂದಿರು ತಿಂದ ಮೀನಿನಲ್ಲೂ ಇತ್ತು.

ಈ ಜಾಗದಲ್ಲಿ ಬಾಳೆಹಣ್ಣಿನ ಹೋಲಿಕೆ ಕೊಡುವವರು ಬಹಳ. ಒಂದು ಹಣ್ಣಿನಲ್ಲಿ ಸುಮಾರು 15 ಬೆಕರೆಲ್ ಪೊಟ್ಯಾಸಿಯಂ-40 ಇದೆ, ನಿಜ. ಆದರೆ ಮೈ ಪೊಟ್ಯಾಸಿಯಂ ಮಟ್ಟವನ್ನು ಬದಲಾಗಲು ಬಿಡುವುದಿಲ್ಲ, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ. ಹಾಗಾಗಿ ಹತ್ತು ಹಣ್ಣು ತಿಂದರೆ ಹತ್ತು ಪಟ್ಟು ಡೋಸ್ ಎನ್ನುವಂತಿಲ್ಲ. ಹೆದರಿದವರಿಗೆ ಧೈರ್ಯ ಹೇಳಲು ಈ ಹೋಲಿಕೆ ಬಳಸಬೇಡಿ, ತಿಳಿದವರು ಪ್ರಶ್ನೆ ಕೇಳಿದರೆ ನಿಲ್ಲುವುದಿಲ್ಲ.

ಗುಣಕ ವಯಸ್ಸಿನ ಮೇಲೂ ಬದಲಾಗುತ್ತದೆ. ಅಪಘಾತದ ಸ್ಥಳದಿಂದ 200 ಕಿ.ಮೀ.ಗೂ ಆಚೆ ಇರುವ ಟೋಕಿಯೊದಲ್ಲಿ, ಕನಮಾಚಿ ನೀರು ಶುದ್ಧೀಕರಣ ಘಟಕದ ನಲ್ಲಿ ನೀರಿನಲ್ಲಿ ಮಾರ್ಚ್ 22ರಂದು ಕೆಜಿಗೆ 210 ಬೆಕರೆಲ್ ಅಯೋಡಿನ್-131 ಸಿಕ್ಕಿತು. ಆಗ ದೊಡ್ಡವರಿಗೆ ಮಿತಿ 300, ಕೂಸುಗಳಿಗೆ 100. ಎರಡು ಲೀಟರ್ ಕುಡಿದ ದೊಡ್ಡವರಿಗೆ 420 × 0.022, ಅಂದರೆ 9 ಮೈಕ್ರೋಸೀವರ್ಟ್. ಕೂಸಿನ ಗುಣಕ 0.18, ಎಂಟು ಪಟ್ಟು. ಅದೇ ನೀರಿನಲ್ಲಿ ಹಾಲಿನ ಪುಡಿ ಕಲಸಿ ದಿನಕ್ಕೆ 700 ಮಿಲಿ ಕುಡಿಸಿದರೆ 26 ಮೈಕ್ರೋಸೀವರ್ಟ್. ಸುಮ್ನೆ ಭೂಮಿಯ ಮೇಲೆ ಬದುಕಿದ್ದಕ್ಕೆ ನಮಗೆ ಸಿಗುವ ಸಹಜ ಡೋಸ್ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ದಿನಕ್ಕೆ 6.6 ಮೈಕ್ರೋಸೀವರ್ಟ್. ಅಂದರೆ ಕೂಸಿಗೆ ಅದರ ನಾಲ್ಕು ಪಟ್ಟು, ಅದೂ ಬಹುತೇಕ ಎಲ್ಲ ಥೈರಾಯ್ಡ್‌ಗೇ. ಕೂಸುಗಳಿಗೆ ಆ ನೀರು ಕೊಡಬೇಡಿ ಎಂದು ಟೋಕಿಯೊ ಆಡಳಿತ ಹೇಳಿದ್ದು, ಬಾಟಲಿ ನೀರು ಹಂಚಿದ್ದು ಸರಿಯಾದ ಕೆಲಸ. ತಾಯಂದಿರ ಆತಂಕವೂ ಸರಿಯೇ. ಅಯೋಡಿನ್-131ರ ಅರ್ಧಾಯುಷ್ಯ, ಅಂದರೆ ಇದ್ದದ್ದರಲ್ಲಿ ಅರ್ಧ ಒಡೆದುಹೋಗಲು ಹಿಡಿಯುವ ಕಾಲ, ಎಂಟೇ ದಿನ, ಹಾಗಾಗಿ ಈ ಎಚ್ಚರಿಕೆ ಬೇಕಾದದ್ದು ಆ ವಾರಗಳಲ್ಲಿ.

ಸೀಸಿಯಂ-134 ಎಂಬ ಬೆರಳಚ್ಚು

2015ರ ಫೆಬ್ರವರಿಯಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದ ಯುಕ್ಲುಲೆಟ್ ಎಂಬ ಊರಿನ ದಕ್ಕೆಯಲ್ಲಿ ತುಂಬಿದ ಸಮುದ್ರದ ನೀರಿನಲ್ಲಿ ಸೀಸಿಯಂ-134 1.4, ಸೀಸಿಯಂ-137 5.8 ಬೆಕರೆಲ್ ಸಿಕ್ಕಿತು. ಅಳೆದದ್ದು ಅಮೆರಿಕದ ವುಡ್ಸ್ ಹೋಲ್ ಸಾಗರ ಸಂಸ್ಥೆಯ ಕೆನ್ ಬ್ಯೂಸ್ಲರ್ ತಂಡ, ಊರಿನವರೇ ನೀರು ತುಂಬಿ ಕಳಿಸಿದ್ದರು. ಇಲ್ಲಿ ಹುಷಾರು. ಇದು ಒಂದು ಘನ ಮೀಟರಿಗೆ, ಅಂದರೆ ಸಾವಿರ ಲೀಟರಿಗೆ. ಟೋಕಿಯೊದ 210 ಒಂದು ಕೆಜಿಗೆ, ಅಂದರೆ ಒಂದು ಲೀಟರಿಗೆ. ಛೇದ ನೋಡದೆ ಹೋಲಿಸಿದರೆ ಸಾವಿರ ಪಟ್ಟು ತಪ್ಪುತ್ತದೆ. ಅದೇ ಸಾವಿರ ಲೀಟರ್ ಸಮುದ್ರದ ನೀರಿನಲ್ಲಿ ಸಹಜ ಪೊಟ್ಯಾಸಿಯಂ-40 ಸುಮಾರು 12,000 ಬೆಕರೆಲ್ ಇರುತ್ತದೆ.

ಈ ಎರಡು ಅಂಕಿಗಳಿಂದ ಇಡೀ ಕಥೆ ಹೊರಡಿಸಬಹುದು, ನನಗೆ ತುಂಬ ಇಷ್ಟವಾದ ಲೆಕ್ಕ ಇದು. ಫುಕುಶಿಮಾದಿಂದ ಹೊರಬಿದ್ದಾಗ ಎರಡೂ ಸೀಸಿಯಂ ಹೆಚ್ಚುಕಡಿಮೆ ಸಮನಾಗಿದ್ದವು. 134ರ ಅರ್ಧಾಯುಷ್ಯ ಸುಮಾರು 2 ವರ್ಷ, 137ರದ್ದು 30. ನಾಲ್ಕು ವರ್ಷದ ಹೊತ್ತಿಗೆ 134 ಉಳಿಯುವುದು 0.27 ಪಾಲು. ಹಾಗಾದರೆ ಈಗಿನ 1.4 ಮೊದಲು ಸುಮಾರು 5.2 ಆಗಿರಬೇಕು. 137 ಕೂಡ ಅಷ್ಟೇ ಇತ್ತು, ಅದರಲ್ಲಿ 0.91 ಪಾಲು ಉಳಿದಿದೆ, ಅಂದರೆ 4.8. ಅಳೆದದ್ದು 5.8. ಉಳಿದ ಒಂದು ಬೆಕರೆಲ್ ಎಲ್ಲಿಂದ? 1950–60ರ ದಶಕಗಳ ಅಣುಬಾಂಬ್ ಪರೀಕ್ಷೆಗಳಿಂದ. ಅಪಘಾತಕ್ಕೆ ಮೊದಲೇ ಪೆಸಿಫಿಕ್ ನೀರಿನಲ್ಲಿ ಘನ ಮೀಟರಿಗೆ 1ರಿಂದ 2 ಬೆಕರೆಲ್ ಸೀಸಿಯಂ-137 ಇತ್ತು, ಲೆಕ್ಕ ತಾಳೆಯಾಯಿತು ಅಲ್ವಾ! ಬಾಂಬಿನ ಕಾಲದ 134 ಇದ್ದಿದ್ದರೂ ಎಂದೋ ಕರಗಿಹೋಗಿರುತ್ತಿತ್ತು. ಅದಕ್ಕೇ 134 ಕಂಡರೆ ಫುಕುಶಿಮಾ ಎಂದು ಖಚಿತವಾಗಿ ಹೇಳಬಹುದು.

ಅಯೋಡಿನ್ ಮಾತ್ರೆ, ಉಪ್ಪು

ದೊಡ್ಡವರ ಪೊಟ್ಯಾಸಿಯಂ ಅಯೊಡೈಡ್ ಮಾತ್ರೆ 130 ಮಿಗ್ರಾಂ, ಅದರಲ್ಲಿ ಅಯೋಡಿನ್ ಸುಮಾರು 100. ಅದು ಕಾಯುವುದು ಥೈರಾಯ್ಡನ್ನು, ಅದೂ ಅಯೋಡಿನ್-131ರಿಂದ ಮಾತ್ರ. ಸೀಸಿಯಂಗೆ ಉಪಯೋಗವಿಲ್ಲ. 2011ರಲ್ಲಿ ಚೀನಾದ ಅಂಗಡಿಗಳಲ್ಲಿ ಜನ ಮುಗಿಬಿದ್ದು ಅಯೋಡಿನ್ ಉಪ್ಪು ಕೊಂಡರು. ಕೆಜಿ ಉಪ್ಪಿನಲ್ಲಿ 30 ಮಿಗ್ರಾಂ ಅಯೋಡಿನ್ ಎಂದುಕೊಂಡರೂ ಒಂದು ಮಾತ್ರೆಗೆ ಮೂರು ಕೆಜಿಗಿಂತ ಜಾಸ್ತಿ ಉಪ್ಪು ತಿನ್ನಬೇಕು. ಪ್ರಾಣಕ್ಕೇ ಅಪಾಯ.

ದೂರ ಎಂದರೆ ಸಾಕೇ?

ಸಾಲದು. 1986ರ ಏಪ್ರಿಲ್ 26ರಂದು ಚೆರ್ನೋಬಿಲ್ ಅಣುವಿದ್ಯುತ್ ಸ್ಥಾವರದಲ್ಲಿ ಸ್ಫೋಟವಾಯಿತು. ಎರಡು ಸಾವಿರ ಕಿ.ಮೀ. ಆಚೆಯ ಬ್ರಿಟನ್ನಿನ ವೇಲ್ಸ್ ಬೆಟ್ಟಗಳ ಮೇಲೆ ಆ ಮೋಡ ಹಾಯುವಾಗಲೇ ಜೋರು ಮಳೆ ಬಂದು ಸೀಸಿಯಂ ನೆಲಕ್ಕಿಳಿಯಿತು. ಜೇಡಿಮಣ್ಣಾಗಿದ್ದರೆ ಹಿಡಿದಿಟ್ಟುಕೊಳ್ಳುತ್ತಿತ್ತು. ಆದರೆ ಅಲ್ಲಿಯದು ಕೊಳೆತ ಸೊಪ್ಪುಸದೆಯ ಹುಳಿ ಮಣ್ಣು, ಸೀಸಿಯಂ ಹುಲ್ಲಿಗೇರಿತು, ಹುಲ್ಲಿನಿಂದ ಕುರಿಗೆ. ಮಾಂಸದ ಮಿತಿ ಕೆಜಿಗೆ 1,000 ಬೆಕರೆಲ್. ರೈತರು ಕುರಿ ಮಾರುವ ಮೊದಲು ಸರ್ಕಾರದ ಸಿಬ್ಬಂದಿ ಬಂದು ಅದರ ಹಿಂಭಾಗಕ್ಕೆ ಅಳೆಯುವ ಯಂತ್ರ ಒತ್ತಿ ನೋಡುತ್ತಿದ್ದರು, ಮಿತಿ ಮೀರಿದ್ದಕ್ಕೆ ಬಣ್ಣ ಹಚ್ಚುತ್ತಿದ್ದರು. ತಗ್ಗಿನ ಹುಲ್ಲುಗಾವಲಿಗೆ ಇಳಿಸಿ ಕೆಲವು ವಾರ ಮೇಯಿಸಿದರೆ ಅಂಕಿ ಇಳಿಯುತ್ತಿತ್ತು. ಈ ನಿರ್ಬಂಧ ಪೂರ್ತಿ ಹೋದದ್ದು 2012ರಲ್ಲಿ. ಹಾಗಾಗಿ ಕಿಲೋಮೀಟರ್ ಒಂದನ್ನೇ ನೋಡಬೇಡಿ. ಮಳೆ ಎಲ್ಲಿ ಬಿತ್ತು, ಮಣ್ಣು ಎಂಥದ್ದು, ಜನ ಏನು ತಿನ್ನುತ್ತಾರೆ, ಇಷ್ಟನ್ನೂ ಕೇಳಿ.

ಅಭ್ಯಾಸಕ್ಕೆ ಒಂದು: 2023ರ ಆಗಸ್ಟ್ 24ರಿಂದ ಫುಕುಶಿಮಾದ ಸಂಸ್ಕರಿಸಿದ ನೀರನ್ನು ಸಮುದ್ರಕ್ಕೆ ಬಿಡುತ್ತಿದ್ದಾರೆ. ಅದರಲ್ಲಿರುವ ಟ್ರಿಷಿಯಂ (ವಿಕಿರಣ ಸೂಸುವ ಹೈಡ್ರೋಜನ್) ಮಿತಿ ಲೀಟರಿಗೆ 1,500 ಬೆಕರೆಲ್, ಗುಣಕ 0.000018. ಯಾರಾದರೂ ಆ ನೀರನ್ನೇ ಎರಡು ಲೀಟರ್ ಕುಡಿದರೆ ಎಷ್ಟು? 0.054 ಮೈಕ್ರೋಸೀವರ್ಟ್ ಬರಬೇಕು. ಬೇರೆ ಉತ್ತರ ಬಂದರೆ ಸೊನ್ನೆಗಳನ್ನು ಮತ್ತೊಮ್ಮೆ ಎಣಿಸಿ.