ದೊಡ್ಡ ದೋಣಿಯ ಅಲೆಯನ್ನು ವೇಗದ ದೋಣಿ ದಾಟುವ ಬಗೆ: ಅಧ್ಯಯನ ಟಿಪ್ಪಣಿ

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಓಸೇಜ್ ನದಿಗೆ ಅಡ್ಡಲಾಗಿ ಬ್ಯಾಗ್ನೆಲ್ ಅಣೆಕಟ್ಟು 1931ರಲ್ಲಿ ಪೂರ್ಣಗೊಂಡಾಗ ಹುಟ್ಟಿದ ಜಲಾಶಯ ಲೇಕ್ ಆಫ್ ದಿ ಓಝಾರ್ಕ್ಸ್. ಅದು ಸುಮಾರು 150 ಕಿಲೋಮೀಟರ್ ಉದ್ದಕ್ಕೆ ಅಂಕುಡೊಂಕಾಗಿ ಚಾಚಿಕೊಂಡಿದೆ, ಆದರೆ ಅಗಲ ಕಡಿಮೆ. ದಡದುದ್ದಕ್ಕೂ ಮನೆಗಳು, ಮನೆಗೊಂದು ದೋಣಿಕಟ್ಟೆ. ಬೇಸಿಗೆಯ ಶನಿವಾರ ಮಧ್ಯಾಹ್ನ ಎರಡು ಮಹಡಿಯ ಭಾರಿ ಕ್ರೂಸರ್‌ಗಳೂ ಗಂಟೆಗೆ 100 ಕಿಲೋಮೀಟರ್ ಮೀರುವ ಸ್ಪೀಡ್‌ಬೋಟ್‌ಗಳೂ ಒಂದೇ ನೀರನ್ನು ಹಂಚಿಕೊಳ್ಳುತ್ತವೆ. ಕ್ರೂಸರ್ ಎಬ್ಬಿಸಿದ ಅಲೆ ದಡದ ತಡೆಗೋಡೆಗೆ ಬಡಿದು ಹಿಂದಿರುಗುತ್ತದೆ, ಬರುತ್ತಿರುವ ಅಲೆಯ ಮೇಲೆ ಏರುತ್ತದೆ. ನಮ್ಮ ಪಾಠಕ್ಕೆ ಬೇಕಾದ ಕಷ್ಟಗಳೆಲ್ಲ ಅಲ್ಲಿ ಒಟ್ಟಿಗೆ ಇರುವುದರಿಂದ ಆ ಜಲಾಶಯವನ್ನೇ ಕಣ್ಣ ಮುಂದಿಟ್ಟುಕೊಂಡು ಈ ಟಿಪ್ಪಣಿ ಬರೆಯುತ್ತಿದ್ದೇನೆ.

ದೋಣಿಯೊಂದು ತನ್ನ ಹಿಂದೆ ಬಿಟ್ಟುಹೋಗುವ ಅಲೆಗಳ ಜಾಡಿಗೆ ವೇಕ್ ಎನ್ನುತ್ತಾರೆ. ಅದನ್ನು ದಾಟುವುದು ಸ್ಟೀರಿಂಗ್‌ನ ಚಾಕಚಕ್ಯತೆ ಎಂದು ಹೊಸಬರು ಭಾವಿಸುತ್ತಾರೆ. ನನ್ನ ಓದಿನಲ್ಲಿ ಸ್ಪಷ್ಟವಾಗಿದ್ದು ಬೇರೆಯೇ: ಅದು ಬಹುಪಾಲು ಎಂಜಿನ್ನಿನ ಶಕ್ತಿ ಏರಿಳಿಸುವ ಹಿಡಿಯ, ಅಂದರೆ ಥ್ರಾಟಲ್‌ನ ಕೆಲಸ, ಅದೂ ಅಲೆ ಮುಟ್ಟುವ ಮೊದಲೇ ಮುಗಿದಿರಬೇಕಾದ ಕೆಲಸ.

ಅಲೆಯ ಸ್ವಭಾವ

ಆಳದ ನೀರಿನಲ್ಲಿ ಸಾಗುವ ದೋಣಿಯ ಅಲೆಗಳು ಬೆಣೆಯಾಕಾರದಲ್ಲಿ ಹರಡುತ್ತವೆ. ದೋಣಿಯ ದಾರಿಗೂ ಬೆಣೆಯ ಅಂಚಿಗೂ ನಡುವಿನ ಕೋನ ಎರಡೂ ಬದಿಗೆ ಸುಮಾರು 19.5 ಡಿಗ್ರಿ ಎಂದು 1887ರಲ್ಲಿ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ ಲೆಕ್ಕ ಹಾಕಿ ತೋರಿಸಿದರು. ಬಾತುಕೋಳಿಗೂ ಹಡಗಿಗೂ ಅದೇ ಕೋನ. ತುಂಬಾ ವೇಗವಾಗಿ ಓಡುವ ದೋಣಿಗಳ ಹಿಂದೆ ಮಾತ್ರ ಎತ್ತರದ ಅಲೆಗಳು ಇನ್ನೂ ಕಿರಿದಾದ ಕೋನದಲ್ಲಿ ಕಾಣುತ್ತವೆ.

ನಮಗೆ ಹೆಚ್ಚು ಮುಖ್ಯವಾದದ್ದು, ದೊಡ್ಡ ಅಲೆ ಯಾವಾಗ ಏಳುತ್ತದೆ ಎಂಬುದು. ತೀರಾ ನಿಧಾನವಾಗಿ ಹೋಗುವ ಕ್ರೂಸರ್ ಸಣ್ಣ ಅಲೆ ಎಬ್ಬಿಸುತ್ತದೆ. ಪೂರ್ತಿ ವೇಗ ಪಡೆದು ನೀರಿನ ಮೇಲ್ಮೈಯಲ್ಲಿ ಜಾರುವ ದೋಣಿಯದ್ದೂ ಅಷ್ಟೇನೂ ದೊಡ್ಡದಲ್ಲ. ಇವೆರಡರ ನಡುವೆ, ಮೂತಿ ಮೇಲೆತ್ತಿ ಹಿಂಭಾಗವನ್ನು ನೀರಿನಲ್ಲಿ ಹೂತುಕೊಂಡು ಉಳುವಂತೆ ಸಾಗುವಾಗ ಏಳುವ ಅಲೆಯೇ ಅತಿ ದೊಡ್ಡದು. ಆದ್ದರಿಂದ ಎದುರಿನ ಕ್ರೂಸರಿನ ಗಾತ್ರಕ್ಕಿಂತ ಮೊದಲು ಅದರ ಭಂಗಿ ನೋಡಿ. ಮೂತಿ ಆಕಾಶ ನೋಡುತ್ತಿದ್ದರೆ ಅದರ ಹಿಂದೆ ಗುಡ್ಡವೇ ಬರುತ್ತಿದೆ ಎಂದರ್ಥ.

ಇನ್ನೊಂದು ಸಂಗತಿ ನನ್ನನ್ನು ನಿಜಕ್ಕೂ ಬೆರಗುಗೊಳಿಸಿತು. ಬೆಣೆಯ ಅಂಚಿನ ಅಲೆಗಳು ಬಹಳ ನಿಧಾನವಾಗಿ ಕುಗ್ಗುತ್ತವೆ. ಸಿದ್ಧಾಂತದ ಪ್ರಕಾರ ದೂರ ಎಂಟು ಪಟ್ಟಾದರೆ ಎತ್ತರ ಇಳಿಯುವುದು ಅರ್ಧಕ್ಕೆ ಮಾತ್ರ. ಕ್ರೂಸರ್ ಕಣ್ಮರೆಯಾದ ಮೇಲೂ ಅದರ ಅಲೆ ತಿರುವಿನಲ್ಲಿ ನಮಗಾಗಿ ಕಾದಿರಬಹುದು.

ಲೆಕ್ಕ ಮಾಡಿ ನೋಡೋಣ

ಗಂಟೆಗೆ 22 ಕಿಲೋಮೀಟರ್ ವೇಗದಲ್ಲಿ ಸಾಗುವ ಕ್ರೂಸರನ್ನು ತೆಗೆದುಕೊಳ್ಳಿ. ಅದರ ಬೆಣೆಯ ಅಂಚಿನಲ್ಲಿ ಒಂದು ಅಲೆಯ ನೆತ್ತಿಯಿಂದ ಮುಂದಿನ ನೆತ್ತಿಗೆ ಸುಮಾರು 16 ಮೀಟರ್. ಆ ಅಲೆ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಸಾಗುತ್ತದೆ. ನಾವು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಅದಕ್ಕೆ ನೇರ ಎದುರಾದರೆ ನೆತ್ತಿಯಿಂದ ನೆತ್ತಿಗೆ ಅರ್ಧ ಸೆಕೆಂಡೂ ಸಿಗುವುದಿಲ್ಲ. 40ಕ್ಕೆ ಇಳಿಸಿದರೆ ಹೆಚ್ಚುಕಡಿಮೆ ಒಂದು ಸೆಕೆಂಡ್. ಮೊದಲ ಅಲೆ ಮೂತಿಯನ್ನು ಎತ್ತಿದ ಮೇಲೆ ಅದು ಕೆಳಗಿಳಿಯಲು ಸಮಯ ಬೇಕು. ಅರ್ಧ ಸೆಕೆಂಡಿನಲ್ಲಿ ಇಳಿಯದ ಮೂತಿಗೆ ಎರಡನೆಯ ಅಲೆ ಮತ್ತೊಂದು ಏಟು ಕೊಡುತ್ತದೆ. ಅಪಘಾತ ಬಹಳ ಸಲ ಆಗುವುದು ಆ ಎರಡನೆಯ ಅಥವಾ ಮೂರನೆಯ ಅಲೆಯಲ್ಲಿ.

ಈಗ ಹಾರಾಟದ ಲೆಕ್ಕ. ಅಲೆಯ ಎತ್ತರ 90 ಸೆಂಟಿಮೀಟರ್ ಎಂದುಕೊಂಡರೆ ಅದರ ಇಳಿಜಾರಿನ ಅತಿ ಕಡಿದಾದ ಭಾಗ ಸುಮಾರು 10 ಡಿಗ್ರಿ. ಆ ಕೋನದಲ್ಲಿ 100 ಕಿಲೋಮೀಟರ್ ವೇಗದಲ್ಲಿ ಚಿಮ್ಮಿದ ವಸ್ತು ಒಂದು ಮೀಟರಿಗಿಂತ ಹೆಚ್ಚು ಎತ್ತರಕ್ಕೆ ಏರಿ, ಸುಮಾರು ಒಂದು ಸೆಕೆಂಡ್ ಗಾಳಿಯಲ್ಲಿರುತ್ತದೆ. ವೇಗ ಅರ್ಧಕ್ಕಿಳಿಸಿದರೆ ಏರುವ ಎತ್ತರ ಅರ್ಧವಲ್ಲ, ಕಾಲು ಭಾಗ. ನಿಜವಾದ ದೋಣಿ ತನ್ನ ಉದ್ದದಿಂದಾಗಿ ಇಳಿಜಾರನ್ನು ಪೂರ್ತಿ ಅನುಸರಿಸುವುದಿಲ್ಲ, ಹಾಗಾಗಿ ಇಷ್ಟು ಹಾರುವುದಿಲ್ಲ. ಆದರೂ ವೇಗಕ್ಕೂ ಎತ್ತರಕ್ಕೂ ಇರುವ ಈ ವರ್ಗದ ಸಂಬಂಧವನ್ನು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳಿ. ಸ್ವಲ್ಪ ವೇಗ ಬಿಟ್ಟುಕೊಟ್ಟರೆ ಸಿಗುವ ಲಾಭ ಸ್ವಲ್ಪವಲ್ಲ.

ಕೈ ಎಲ್ಲಿರಬೇಕು

ಒಂದು ಕೈ ಥ್ರಾಟಲ್ ಬಿಟ್ಟು ಕದಲಬಾರದು. ಸಮುದ್ರದಲ್ಲಿ ನಡೆಯುವ ಪವರ್‌ಬೋಟ್ ಪಂದ್ಯಗಳಲ್ಲಿ ಸ್ಟೀರಿಂಗ್ ಹಿಡಿಯುವವರು ಒಬ್ಬರು, ಥ್ರಾಟಲ್ ನೋಡಿಕೊಳ್ಳುವವರು ಇನ್ನೊಬ್ಬರು. ಅದು ಅಷ್ಟು ದೊಡ್ಡ ಜವಾಬ್ದಾರಿ. ದೋಣಿ ನೀರು ಬಿಟ್ಟೊಡನೆ ಪ್ರೊಪೆಲ್ಲರಿಗೆ ತಡೆಯೇ ಇಲ್ಲದೆ ಎಂಜಿನ್ ಏಕಾಏಕಿ ಕಿರುಚುತ್ತದೆ. ಹಾಗೆಯೇ ನೀರಿಗೆ ಬಿದ್ದರೆ ಗೇರುಗಳ ಮೇಲೆ ಸುತ್ತಿಗೆಯ ಹೊಡೆತ ಬಿದ್ದಂತೆ. ಅದಕ್ಕೇ ಗಾಳಿಯಲ್ಲಿ ಥ್ರಾಟಲ್ ತಗ್ಗಿಸಬೇಕು, ನೀರು ಮುಟ್ಟಿದ ಮೇಲೆ ಮೆಲ್ಲನೆ ಏರಿಸಬೇಕು.

ವೇಕ್ ಕಂಡಾಗ ಥ್ರಾಟಲನ್ನು ಒಮ್ಮೆಲೇ ಮುಚ್ಚುವುದು ಕಲಿಯುವವರ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಮೂತಿ ಕುಸಿದು, ಸರಿಯಾಗಿ ಅದೇ ಹೊತ್ತಿಗೆ ಬಂದ ಅಲೆಯೊಳಗೆ ನುಗ್ಗುತ್ತದೆ. ನಮ್ಮದೇ ಹಿಂದಿನ ಅಲೆ ಓಡಿಬಂದು ಹಿಂಬದಿಯಿಂದ ದೋಣಿಯೊಳಕ್ಕೆ ಸುರಿಯಲೂಬಹುದು. ದೂರದಲ್ಲಿರುವಾಗಲೇ ಹಂತಹಂತವಾಗಿ ವೇಗ ಇಳಿಸಿ. ಅಲೆ ಬರುವಷ್ಟರಲ್ಲಿ ದೋಣಿ ಸಮತೂಕಕ್ಕೆ ಬಂದಿರಲಿ. ಏರುವಾಗ ಮೂತಿ ಕುಸಿಯದಷ್ಟು ಮಾತ್ರ ಶಕ್ತಿ ಕೊಡಿ, ನೆತ್ತಿ ತಲುಪುವಾಗ ಮತ್ತೆ ತಗ್ಗಿಸಿ.

ಕೋನದ ವಿಷಯದಲ್ಲಿ ಎಚ್ಚರ ಬೇಕು. ಅಲೆಗೆ ಓರೆಯಾಗಿ, 45 ಡಿಗ್ರಿಯ ಆಸುಪಾಸಿನಲ್ಲಿ ಹೋಗಿ ಎಂಬ ಮಾತು ವೇಗ ಇಳಿಸಿದ ಮೇಲೆ ಸರಿ. ಏಟು ಮೆತ್ತಗಾಗುತ್ತದೆ. ಆದರೆ ವೇಗದಲ್ಲಿಯೇ ಓರೆಯಾಗಿ ಹಾರಿದರೆ ದೋಣಿ ಒಂದು ಮಗ್ಗುಲಿನ ಮೇಲೆ ಬೀಳುತ್ತದೆ, ಆ ಅಂಚು ನೀರು ಕಚ್ಚುತ್ತದೆ, ದೋಣಿ ಗಿರಕಿ ಹೊಡೆಯುತ್ತದೆ. ಗಾಳಿಯಲ್ಲಿರುವಾಗ ಸ್ಟೀರಿಂಗ್ ತಿರುಗಿಸಿದರೂ ಇದೇ ಗತಿ. ಚಕ್ರ ನೇರವಾಗಿರಲಿ.

ಟ್ರಿಮ್, ಅಂದರೆ ಓಡುವಾಗ ಮೂತಿಯನ್ನು ಎಷ್ಟು ಎತ್ತಿ ಅಥವಾ ತಗ್ಗಿಸಿ ಇಡುತ್ತೇವೆ ಎಂಬುದು, ಎರಡು ಸಂದರ್ಭಗಳಲ್ಲಿ ಎರಡು ಬಗೆ. ಅಲೆ ಎದುರಿನಿಂದ ಬರುತ್ತಿದ್ದರೆ ಮೂತಿಯನ್ನು ತುಸು ತಗ್ಗಿಸಿ, ತಳದ ಚೂಪಾದ ಭಾಗ ನೀರನ್ನು ಸೀಳಲಿ. ಕ್ರೂಸರನ್ನು ಹಿಂದಿಕ್ಕಿ ಬೆಣೆಯ ಒಳಗಿನಿಂದ ಹೊರಗೆ ಹೋಗುವಾಗ ನಾವು ಅಲೆಯನ್ನೇ ಬೆನ್ನಟ್ಟುತ್ತಿರುತ್ತೇವೆ. ನೆತ್ತಿ ದಾಟಿ ತಗ್ಗಿಗೆ ಇಳಿದ ಮೂತಿ ಮುಂದಿನ ಅಲೆಯ ಬೆನ್ನಿಗೆ ಚುಚ್ಚಿಕೊಳ್ಳದಂತೆ ಅದನ್ನು ತುಸು ಎತ್ತಿ ಇಟ್ಟುಕೊಳ್ಳಬೇಕು. ಚುಚ್ಚಿಕೊಂಡರೆ ದೋಣಿ ಗಕ್ಕನೆ ನಿಲ್ಲುತ್ತದೆ, ಒಳಗಿದ್ದವರು ನಿಲ್ಲುವುದಿಲ್ಲ.

ಜೊತೆಗಿರುವವರು

1960ರ ಮಯಾಮಿ–ನಸೌ ಪವರ್‌ಬೋಟ್ ಪಂದ್ಯವನ್ನು ರೇ ಹಂಟ್ ವಿನ್ಯಾಸದ 'ಮಾಪಿ' ದೋಣಿ ಗೆದ್ದಾಗಿನಿಂದ ಆಳವಾದ ವಿ ಆಕಾರದ ತಳ ವೇಗದ ದೋಣಿಗಳಲ್ಲಿ ಬೇರೂರಿತು. ಅದು ಹೊಡೆತವನ್ನು ಮೆತ್ತಗೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ದೋಣಿ ಸಣ್ಣ ತಕ್ಕಡಿಯಂತೆ ಹಿಂಭಾಗದ ಸುತ್ತ ಏರಿಳಿಯುವುದರಿಂದ ಮುಂದಿನ ಸೀಟಿನವರಿಗೆ ಪೆಟ್ಟು ಹೆಚ್ಚು, ಬೆನ್ನುಮೂಳೆ ಜಜ್ಜಿಹೋಗುವುದೂ ಉಂಟು. ಅಲೆ ಕಂಡೊಡನೆ ಎಲ್ಲರಿಗೂ ಕೂಗಿ ಹೇಳಿ. ಮುಂದೆ ಕುಳಿತವರನ್ನು ಮೊದಲೇ ಹಿಂದಕ್ಕೆ ಕರೆಯಿರಿ.

ಚಾಲಕ ಎಸೆಯಲ್ಪಟ್ಟರೆ ಎಂಜಿನ್ ನಿಲ್ಲಿಸುವ ಹಗ್ಗವನ್ನು ಕಟ್ಟಿಕೊಳ್ಳಬೇಕೆಂಬ ಅಮೆರಿಕದ ಒಕ್ಕೂಟ ಕಾನೂನು 2021ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದು 26 ಅಡಿಗಿಂತ ಚಿಕ್ಕ ದೋಣಿಗಳಿಗೆ. ನಾವು ಕಲಿಯುತ್ತಿರುವ ಬಗೆಯ ಹಲವು ದೋಣಿಗಳು ಅದಕ್ಕಿಂತ ಉದ್ದ. ಕಾನೂನು ಕೇಳದಿದ್ದರೂ ಕಟ್ಟಿಕೊಳ್ಳಿ.

ಸ್ವಂತ ಅಲೆ

ಪರರ ಅಲೆಯನ್ನು ಕಣ್ಣಿಟ್ಟು ನೋಡುವವರೂ ತಾವೇ ಎಬ್ಬಿಸಿದ್ದನ್ನು ಮರೆಯುತ್ತಾರೆ. 1967ರ ಜನವರಿ 4ರಂದು ಇಂಗ್ಲೆಂಡಿನ ಕೊನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಬೆಲ್ ತಮ್ಮ ಬ್ಲೂಬರ್ಡ್ ಕೆ7 ದೋಣಿಯಲ್ಲಿ ನೀರಿನ ಮೇಲಿನ ವೇಗದ ದಾಖಲೆಗಾಗಿ ಓಡಿದರು. ಮೊದಲ ಓಟದ ಸರಾಸರಿ ವೇಗ ಗಂಟೆಗೆ ಸುಮಾರು 479 ಕಿಲೋಮೀಟರ್. ಮರು ಓಟಕ್ಕೆ ಮುನ್ನ ಇಂಧನ ತುಂಬಿಸಿಕೊಳ್ಳಲು ನಿಂತಿದ್ದರೆ ನೀರು ಶಾಂತವಾಗಲು ಸಮಯ ಸಿಗುತ್ತಿತ್ತು. ಅವರು ನಿಲ್ಲದೆ ತಿರುಗಿದರು. ಮೂತಿ ಮೇಲೆದ್ದು ದೋಣಿ ಪಲ್ಟಿಯಾಯಿತು, ಕ್ಯಾಂಬೆಲ್ ತೀರಿಕೊಂಡರು. ಕಾರಣಗಳ ಬಗ್ಗೆ ಇಂದಿಗೂ ಚರ್ಚೆಯಿದೆ. ಮೊದಲ ಓಟದಲ್ಲಿ ಕಲಕಿದ ನೀರು ಅವುಗಳಲ್ಲೊಂದು.

ಓಝಾರ್ಕ್ಸ್‌ನಂಥ ಇಕ್ಕಟ್ಟಿನ ನೀರಿನಲ್ಲಿ ತಿರುಗಿ ಬರುವಾಗ ನಾನು ಅಭ್ಯಾಸ ಮಾಡಿಕೊಳ್ಳಬೇಕೆಂದಿರುವ ಕ್ರಮ ಇದು: ಮೊದಲು ನಿಧಾನ, ಆಮೇಲೆ ತಿರುವು, ನಂತರ ದಡದ ಕಡೆ ಒಂದು ನೋಟ. ತಡೆಗೋಡೆಗೆ ಬಡಿದ ಅಲೆ ಹಿಂದಿರುಗಿ ನಮ್ಮನ್ನು ದಾಟಿ ಹೋದ ಮೇಲೆಯೇ ಥ್ರಾಟಲ್.